ಹೆಬ್ಬೆರಳಿಗೆ ಹದಿನೈದು ದಿನದ ರಜೆ

"ಇವತ್ತಿಂದ ಹದಿನೈದು ದಿನ ಈ ಮನೇಲಿ ನೀನು ಒಂದೇ ಒಂದು ಚಮಚ ತೊಳೆದ್ರೂ ನನ್ನಾಣೆ! ಪಾತ್ರೆ, ಬಟ್ಟೆ, ನೆಲ, ಎಲ್ಲಾ ನಂದು. ಮೂವತ್ತೆರಡು ಜನರ ಆಫೀಸು ನಡೆಸೋನಿಗೆ ಇಬ್ಬರು ಉಂಡ ತಟ್ಟೆ ಒಂದು ದೊಡ್ಡ ವಿಷಯಾನಾ?"

ಕಾಲೇಜು ಕಚೇರಿಯ ಸೂಪರಿಂಟೆಂಡೆಂಟ್ ರೇಣುಕಾಪ್ರಸಾದರು ಹೀಗೆಂದು ತುಮಕೂರಿನ ತಮ್ಮ ಮನೆಯ ಅಡುಗೆಮನೆ ಹೊಸ್ತಿಲಿನ ಮೇಲೆ ನಿಂತು ಘೋಷಿಸಿದರು. ಹೊಸ್ತಿಲಿನ ಮೇಲೆ ಎಂಬುದನ್ನು ಗಮನಿಸಬೇಕು. ಆ ಮನೆ ಕಟ್ಟಿಸಿ ಇಪ್ಪತ್ತೊಂದು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಅವರು ಹೊಸ್ತಿಲು ದಾಟಿ ಒಳಗೆ ಹೋಗುತ್ತಿದ್ದುದು ನೀರು ಕುಡಿಯುವುದಕ್ಕೆ, ಅದೂ ಮಿಕ್ಸಿ ಸದ್ದಿನಲ್ಲಿ ಹೆಂಡತಿಗೆ ಇವರ ಕೂಗು ಕೇಳಿಸದಿದ್ದಾಗ ಮಾತ್ರ.

ಹೆಂಡತಿ ಉಮಾಮಹೇಶ್ವರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆಣೆ ಗೀಣೆ ಆಮೇಲೆ ಇಡಿ. ಸಿಂಕು ಯಾವ ಮೂಲೇಲಿದೆ ಅಂತ ಮೊದ್ಲು ನೋಡ್ಕೊಳ್ಳಿ."

ಈಗ ರೇಣುಕಾಪ್ರಸಾದರೇ ಈ ಕಥೆಯನ್ನು ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ, ಸಿಕ್ಕ ಸಿಕ್ಕವರಿಗೆ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಾರೆ. "ನನ್ನಂಥ ಪೆದ್ದ ಇನ್ನೊಬ್ಬ ಇರ್ಲಿಲ್ಲ ಬಿಡಿ" ಎಂದು ಶುರು ಮಾಡುತ್ತಾರೆ. ಆದರೆ ಅಂದು ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದ ಉಮಾಮಹೇಶ್ವರಿ ಹೇಳುವ ಗೋಜಿಗೆ ಹೋಗಲಿಲ್ಲ.

ಘೋಷಣೆಯ ಹಿಂದಿನ ದಿನ ಇಬ್ಬರೂ ಕುಣಿಗಲ್ಲಿಗೆ ಹೋಗಿದ್ದರು. ಗುಬ್ಬಿಯಲ್ಲಿರುವ ಉಮಾಮಹೇಶ್ವರಿಯ ಅಣ್ಣ ಚನ್ನಬಸವಯ್ಯನವರು, ಕುಣಿಗಲ್ ದೊಡ್ಡಕೆರೆಯ ಕಡೆ ತಂದೆ ಬಿಟ್ಟುಹೋಗಿದ್ದ ಸೈಟನ್ನು ತಂಗಿಯ ಹೆಸರಿಗೆ ದಾನಪತ್ರ ಮಾಡಿಕೊಡಲು ಮನಸ್ಸು ಮಾಡಿದ್ದರು. ಇಂಥ ಮನಸ್ಸು ದಿನಾ ಬರುವಂಥದ್ದಲ್ಲ. ಅವರ ಮನೆಯಲ್ಲಿ ಗಂಡುಮಕ್ಕಳು ಆಗಲೇ ಗುಸುಗುಸು ಶುರು ಮಾಡಿದ್ದರು. "ಆಷಾಢ ಹುಟ್ಟೋದ್ರೊಳಗೆ ಮುಗಿಸ್ಬುಡಾಣ ಕಣಮ್ಮ. ಆಷಾಢದಲ್ಲಿ ನಾನು ಇಂಥ ಪತ್ರ ಮುಟ್ಟಲ್ಲ. ಶ್ರಾವಣದವರೆಗೆ ಕಾದ್ರೆ ನನ್ನ ಬುದ್ಧಿ ಹಿಂಗೇ ಇರ್ತದೆ ಅಂತ ನಾನೇ ಹೇಳಕಾಗಲ್ಲ" ಎಂದು ಚನ್ನಬಸವಯ್ಯನವರು ಪ್ರಾಮಾಣಿಕವಾಗಿ ಎಚ್ಚರಿಸಿದ್ದರು. ಆಷಾಢಕ್ಕೆ ಹದಿನೇಳು ದಿನ ಬಾಕಿ ಇತ್ತು.

ಪತ್ರ ಬರೆಯುವ ಲಕ್ಷ್ಮೀನರಸಿಂಹಯ್ಯನವರ ಪುಟ್ಟ ಅಂಗಡಿಯಲ್ಲಿ ಹೆಬ್ಬೆಟ್ಟು ಪರೀಕ್ಷಿಸುವ ಸಣ್ಣದೊಂದು ಯಂತ್ರವಿತ್ತು. ನೋಂದಣಿ ಕಚೇರಿಯೊಳಗೆ ಹೋಗಿ ಅವಮಾನವಾಗುವ ಮೊದಲು ಜನ ಇಲ್ಲಿ ಬೆರಳು ಒತ್ತಿ ನೋಡುತ್ತಿದ್ದರು. ಹಸಿರು ದೀಪ ಬಂದರೆ ಸರಿ, ಕೆಂಪು ಬಂದರೆ ಇಲ್ಲ. ಸಾಕ್ಷಿ ಹಾಕಬೇಕಿದ್ದ ರೇಣುಕಾಪ್ರಸಾದರು ಮೊದಲು ಒತ್ತಿದರು. ಟಿಂಗ್! ಹಸಿರು. "ನೋಡಿ, ಒಂದೇ ಏಟಿಗೆ!" ಎಂದು ಅವರು ಹೆಬ್ಬೆರಳನ್ನು ಎತ್ತಿ ಹಿಡಿದು ಅಂಗಡಿಯಲ್ಲಿದ್ದವರಿಗೆಲ್ಲ ದರ್ಶನ ಕೊಟ್ಟರು.

ಉಮಾಮಹೇಶ್ವರಿ ಒತ್ತಿದರು. ಕೆಂಪು. ಒರೆಸಿ ಒತ್ತಿದರು. ಕೆಂಪು. ಎಡಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳು ಎಂದು ಹತ್ತೂ ಬೆರಳುಗಳು ಸಾಲಾಗಿ ಬಂದು ಸಾಲಾಗಿ ಫೇಲಾದವು!

ಲಕ್ಷ್ಮೀನರಸಿಂಹಯ್ಯನವರು ಕನ್ನಡಕ ಮೇಲೆತ್ತಿ ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

"ತಾಯಿ, ಇದ್ರಲ್ಲಿ ಗೆರೆಗಳೇ ಇಲ್ವಲ್ಲ! ಎಲ್ಲಾ ಸವೆದು ಬಿರುಕು ಬಿಟ್ಟಿದೆ. ಕಲ್ಲು ಒಡೆಯೋರ ಕೈ ನೋಡಿದೀನಿ, ಅವೂ ಇದಕ್ಕಿಂತ ವಾಸಿ. ಏನು ಕೆಲಸ ಮಾಡ್ತೀರಿ?"

ಉತ್ತರ ರೇಣುಕಾಪ್ರಸಾದರಿಂದ ಬಂತು. "ಏನೂ ಇಲ್ಲ, ಮನೇಲೇ ಇರ್ತಾಳೆ."

ಆ ಒಂದು ವಾಕ್ಯಕ್ಕೆ ಅಂಗಡಿಯಲ್ಲಿದ್ದ ನಾಲ್ವರು ಹೆಂಗಸರು ಒಟ್ಟಿಗೆ ತಿರುಗಿ ನೋಡಿದರು. ರೇಣುಕಾಪ್ರಸಾದರು ಅದನ್ನು ಮೆಚ್ಚುಗೆ ಎಂದುಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಉಮಾಮಹೇಶ್ವರಿ ಕಿಟಕಿಯ ಆಚೆ ನೋಡುತ್ತಾ ಬೆರಳ ಬಿರುಕುಗಳನ್ನು ಸವರಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಐವತ್ತನಾಲ್ಕು ವರ್ಷಕ್ಕೆ ನನ್ನ ಹೆಸರಲ್ಲಿ ಇರೋದು ಗ್ಯಾಸ್ ಕನೆಕ್ಷನ್ ಒಂದೇ ಕಣ್ರೀ. ಈ ಸೈಟಾದ್ರೂ ಆಗ್ಲಿ ಅಂತಿದ್ದೆ."

ರೇಣುಕಾಪ್ರಸಾದರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮನೆ ಅವರ ಹೆಸರಿನಲ್ಲಿತ್ತು. ಸ್ಕೂಟರು ಅವರ ಹೆಸರಿನಲ್ಲಿತ್ತು. ಹೆಂಡತಿಯ ಮೊಬೈಲಿನ ಸಿಮ್ಮೂ ಅವರ ಹೆಸರಿನಲ್ಲಿತ್ತು!

ಮಾರನೆಯ ಬೆಳಿಗ್ಗೆಯೇ ಹೆಂಡತಿಯನ್ನು ಕರೆದುಕೊಂಡು ಚರ್ಮದ ಡಾಕ್ಟರ್ ರೂಪಶ್ರೀಯವರ ಬಳಿ ಓಡಿದರು. ಡಾಕ್ಟರು ಕೈ ನೋಡಿ ಕೇಳಿದರು: "ದಿನಕ್ಕೆ ಎಷ್ಟು ಸಲ ಸೋಪು, ಪುಡಿ ಮುಟ್ತೀರಿ?"

"ಮೂರು ಸಲ ಇರ್ಬೋದು ಡಾಕ್ಟ್ರೇ" ಎಂದರು ರೇಣುಕಾಪ್ರಸಾದರು.

"ನಾನು ಅವರನ್ನ ಕೇಳಿದ್ದು."

ಉಮಾಮಹೇಶ್ವರಿ ಬೆರಳು ಮಡಚತೊಡಗಿದರು. "ಬಾಗಿಲು ತೊಳೆದಿದ್ದು ಒಂದು. ರಾತ್ರಿ ನೆನೆ ಹಾಕಿದ ಪಾತ್ರೆ. ಹಾಲಿನ ಪಾತ್ರೆ. ಇವರ ಕಾಫಿ ಲೋಟ. ಇವರ ಎರಡನೇ ಕಾಫಿ ಲೋಟ. ಪೂಜೆ ಪಾತ್ರೆಗೆ ಹುಣಸೆಹಣ್ಣು. ತಿಂಡಿ ಪಾತ್ರೆ. ಇವರ ಟಿಫನ್ ಡಬ್ಬಿ. ಇವರ ಶರ್ಟಿನ ಕಾಲರ್ ಉಜ್ಜೋದು, ಮಿಷನ್ನಿಗೆ ಹಾಕಿದ್ರೆ ಇವರಿಗೆ ಆಗಲ್ಲ. ನೆಲಕ್ಕೆ ಫಿನಾಯಿಲ್. ಬಚ್ಚಲಿಗೆ ಬ್ಲೀಚಿಂಗ್ ಪುಡಿ..."

ಬೆರಳುಗಳು ಮುಗಿದು ಎರಡನೇ ಸುತ್ತು ಶುರುವಾಯಿತು.

"ಸಾಕಮ್ಮ, ಸಾಕು" ಎಂದರು ಡಾಕ್ಟರು. "ಇದು ಇಡೀ ದಿನದ್ದು ತಾನೆ?"

"ಇಲ್ಲ ಡಾಕ್ಟ್ರೇ, ಹತ್ತು ಗಂಟೆವರೆಗಿಂದು."

ರೇಣುಕಾಪ್ರಸಾದರು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ತದೇಕಚಿತ್ತದಿಂದ ಅಧ್ಯಯನ ಮಾಡಿದರು.

ಡಾಕ್ಟರು ಬಿಡಿಸಿ ಹೇಳಿದರು. "ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆ ಇದ್ದ ಹಾಗೆ. ಇಟ್ಟಿಗೆ ಮಧ್ಯ ಗಾರೆ ಇರುತ್ತಲ್ಲ, ಅದೇ ಥರ ಇಲ್ಲಿ ಜಿಡ್ಡು. ಒಳಗಿನ ತೇವ ಆಚೆ ಹೋಗದ ಹಾಗೆ, ಆಚೆಯ ಕೆಟ್ಟದ್ದು ಒಳಗೆ ಬರದ ಹಾಗೆ ಕಾಯೋದು ಅದೇ. ಸೋಪು, ಬಿಸಿನೀರು, ಫಿನಾಯಿಲ್ ಎಲ್ಲಾ ಸೇರಿ ಆ ಗಾರೇನೇ ತೊಳೆದು ಹಾಕುತ್ವೆ. ವಯಸ್ಸಿದ್ದಾಗ ಮೈ ತಾನೇ ಬೇಗ ಮೆತ್ಕೊಳ್ಳುತ್ತೆ. ಐವತ್ತು ದಾಟಿದ ಮೇಲೆ ಒಳಗಿರೋ ಮೇಸ್ತ್ರಿ ನಿಧಾನ ಆಗ್ಬಿಡ್ತಾನೆ. ಅವನಿಗೆ ಸ್ವಲ್ಪ ಟೈಮ್ ಕೊಡಿ. ಸೋಪಿನ ನೀರು ಮುಟ್ಟಬೇಡಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಕೈ ಪೂರ್ತಿ ಒಣಗೋದ್ರೊಳಗೆ ಈ ಮುಲಾಮು ಹಚ್ಚಿ. ವಾಸನೆಯ ಕ್ರೀಮು, ನಿಂಬೆಹಣ್ಣು, ಯಾವುದೂ ಬೇಡ. ಗೆರೆಗಳು ಹದಿನೈದು ದಿನಕ್ಕೆ ಸುಮಾರಾಗಿ ಕಾಣಿಸ್ಬೋದು."

ಬಾಗಿಲಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು. "ಪಾತ್ರೆ ತೊಳೆಯೋರು ಯಾರೇ ಆದ್ರೂ ಗ್ಲೌಸ್ ಹಾಕ್ಕೊಳ್ಳಿ ಸಾರ್."

"ನಮ್ದು ಗಂಡಸಿನ ಚರ್ಮ ಡಾಕ್ಟ್ರೇ!" ಎಂದು ರೇಣುಕಾಪ್ರಸಾದರು ನಕ್ಕರು. ಡಾಕ್ಟರು ನಗಲಿಲ್ಲ.

ಮೊದಲು ಅವರಿಗೆ ಹೊಳೆದ ಉಪಾಯ ಎಲ್ಲ ಗಂಡಸರಿಗೂ ಹೊಳೆಯುವಂಥದ್ದೇ. ಪಕ್ಕದ ಮನೆಯ ಕೆಲಸಕ್ಕೆ ಬರುವ ಚಿಕ್ಕಮಾರಮ್ಮನನ್ನು ಕರೆದು ಹದಿನೈದು ದಿನದ ಮಟ್ಟಿಗೆ ಬರಲು ಕೇಳಿದರು. ವಿಷಯವೆಲ್ಲ ಕೇಳಿದ ಚಿಕ್ಕಮಾರಮ್ಮ ತನ್ನ ಎರಡೂ ಕೈಗಳನ್ನು ಇವರ ಮುಖದ ಮುಂದೆ ಹಿಡಿದಳು.

"ಅಲ್ಲ ಕಣಣ್ಣ, ಅವ್ವಾರ ಬೆಟ್ಟು ಒತ್ತನಿಲ್ಲ ಅಂತ ನನ್ನ ಕರೀತಿದೀರಲ್ಲ, ನನ್ನ ಬೆಟ್ಟು ಒತ್ತಿ ಎಷ್ಟು ಕಾಲ ಆಯ್ತು ಗೊತ್ತಾ? ರೇಷನ್ ಅಂಗಡೀಲಿ ಮೂರು ಸಲ ವಾಪಸ್ ಕಳ್ಸವ್ರೆ. ಈಗ ಮಗನ ಬೆಟ್ಟಲ್ಲಿ ಅಕ್ಕಿ ತತ್ತೀನಿ. ಇರೋ ಮೂರು ಮನೆ ಸಾಕು ಬುಡಿ, ನಾಲ್ಕನೇದು ಒಪ್ಕಂಡ್ರೆ ಬೆಟ್ಟೇ ಉಳಿಯಕಿಲ್ಲ."

ಮಾತು ಹೊರಡದಿದ್ದಾಗ ಘೋಷಣೆ ಹೊರಡುವುದು ರೇಣುಕಾಪ್ರಸಾದರ ಸ್ವಭಾವ. ಹಾಗೆ ಹೊರಟದ್ದೇ ಆ ಹೊಸ್ತಿಲಿನ ಘೋಷಣೆ.

ಮೊದಲ ದಿನದ ಯುದ್ಧ ರಾಗಿಮುದ್ದೆ ತಿರುವಿದ ಪಾತ್ರೆಯೊಡನೆ. ಅಡುಗೆ ಮಾತ್ರ ಉಮಾಮಹೇಶ್ವರಿಯದು ಎಂದು ಒಪ್ಪಂದವಾಗಿತ್ತು. ಇವರ ಅಡುಗೆ ಉಂಡರೆ ಬೆರಳು ಉಳಿದರೂ ಪ್ರಾಣ ಉಳಿಯುವ ಭರವಸೆ ಇರಲಿಲ್ಲ. ಮುದ್ದೆ ಪಾತ್ರೆಯ ತಳದಲ್ಲಿ ಹಿಟ್ಟು ಒಣಗಿ ಸಿಮೆಂಟಿನಂತೆ ಕೂತಿತ್ತು.

"ನೀರು ಹಾಕಿ ನೆನೆಯೋಕೆ ಬಿಡಿ, ಅರ್ಧ ಗಂಟೇಲಿ ತಾನೇ ಬಿಡುತ್ತೆ" ಎಂದು ನಡುಮನೆಯಿಂದ ಉಮಾಮಹೇಶ್ವರಿ ಕೂಗಿದರು.

"ನನಗೆ ಕೆಲಸ ಹೇಳಿಕೊಡ್ಬೇಡ! ಕಾಯೋದು ನನ್ನ ಜಾಯಮಾನದಲ್ಲೇ ಇಲ್ಲ."

ಕುದಿಯುವ ನೀರು ಸುರಿದರು. ಪಾತ್ರೆಯ ಸೋಪು ಸಾಲದೆಂದು ಬಟ್ಟೆಯ ಪುಡಿ ಸುರಿದರು. ಅದೂ ಸಾಲದೆಂದು ಬಚ್ಚಲಿನ ಬ್ಲೀಚಿಂಗ್ ಪುಡಿ ಒಂದು ಹಿಡಿ. ಕಬ್ಬಿಣದ ನಾರಿನ ಉಂಡೆ ಹಿಡಿದು ಮುಕ್ಕಾಲು ಗಂಟೆ ಉಜ್ಜಿದರು. ನೊರೆ ಸಿಂಕು ತುಂಬಿ, ಕಟ್ಟೆ ಇಳಿದು, ಹೊಸ್ತಿಲು ದಾಟಿ ನಡುಮನೆಗೆ ಬಂತು. ನೊರೆಯ ಹಿಂದೆಯೇ ರೇಣುಕಾಪ್ರಸಾದರು ಜಾರಿಕೊಂಡು ಬಂದರು! ಕೈಯಲ್ಲಿ ಮುದ್ದೆ ಪಾತ್ರೆ ಕನ್ನಡಿಯಂತೆ ಹೊಳೆಯುತ್ತಿತ್ತು.

"ನೋಡು!" ಎಂದರು ನೆಲದ ಮೇಲೆ ಕುಳಿತಂತೆಯೇ. "ಇಷ್ಟು ವರ್ಷದಲ್ಲಿ ಇದು ಯಾವತ್ತಾದ್ರೂ ಹಿಂಗೆ ಹೊಳೆದಿತ್ತಾ?"

"ಇಲ್ಲ ಕಣ್ರೀ. ನಾನು ಅದ್ರ ಜೊತೆ ಇನ್ನೂ ಏಳು ಪಾತ್ರೆ ತೊಳೀಬೇಕಿತ್ತು."

ಕೆಲಸಕ್ಕಿಂತ ಕಷ್ಟವಾದದ್ದು ಕಾವಲು. ಉಮಾಮಹೇಶ್ವರಿಯ ಕೈಗಳಿಗೆ ಸುಮ್ಮನಿದ್ದು ಅಭ್ಯಾಸವಿರಲಿಲ್ಲ. ಹಾದುಹೋಗುವಾಗ ಒಂದು ಲೋಟ ತೊಳೆದುಬಿಡುತ್ತಿದ್ದರು, ಅದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಹಾಗೆ ಸಿಕ್ಕಿಬಿದ್ದಾಗ ರೇಣುಕಾಪ್ರಸಾದರು ಮನೆಯಲ್ಲಿದ್ದ ಸೋಪುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಡವೆಗಳ ಪಕ್ಕದಲ್ಲಿ ಅರ್ಧ ಸವೆದ ಪಾತ್ರೆ ಸೋಪು ರಾಜಮರ್ಯಾದೆಯಿಂದ ಮಲಗಿತು. ಮುಲಾಮು ಹಚ್ಚಿದ ಮೇಲೆ ಒರೆಸಿಕೊಳ್ಳಬಾರದೆಂದು ತಮ್ಮವೇ ಒಗೆದ ಹತ್ತಿಯ ಕಾಲುಚೀಲಗಳನ್ನು ಹೆಂಡತಿಯ ಕೈಗೆ ತೊಡಿಸಿದರು.

"ಇದನ್ನ ಹಾಕ್ಕೊಂಡು ನಾನು ಪೇಪರ್ ಹೆಂಗೆ ತಿರುಗಿಸ್ಲಿ?"

"ಪೇಪರಾ? ನೀನು ಪೇಪರ್ ಓದ್ತೀಯಾ?"

"ಓದ್ತಿದ್ದೆ, ಮದುವೆಗೆ ಮುಂಚೆ."

ಬೆಳಗಿನ ಎಂಟು ಗಂಟೆಗೆ ಉಮಾಮಹೇಶ್ವರಿ ಜಗಲಿಯಲ್ಲಿ ಕೈಗೆ ಕಾಲುಚೀಲ ತೊಟ್ಟು ಪತ್ರಿಕೆಯ ಸಂಪಾದಕೀಯ ಓದುವುದು, ಅವರ ಕಾಲ ಬುಡದಲ್ಲಿ ಸೂಪರಿಂಟೆಂಡೆಂಟ್ ರೇಣುಕಾಪ್ರಸಾದರು ಪಂಚೆ ಎತ್ತಿ ಕಟ್ಟಿ ನೆಲ ಒರೆಸುವುದು, ಇದು ಬೀದಿಯ ಜನಕ್ಕೆ ನಿತ್ಯದ ದೃಶ್ಯವಾಯಿತು. ಹಾಲು ತರಲು ಆ ಬೀದಿಯಲ್ಲಿ ಹೋಗುವ ಅಗತ್ಯವೇ ಇಲ್ಲದವರೂ ಆ ಬೀದಿಯಲ್ಲಿ ಹೋಗತೊಡಗಿದರು.

"ಕಾಲು ಸ್ವಲ್ಪ ಎತ್ತು."

"ಇರಿ, ಈ ಪ್ಯಾರಾ ಮುಗೀಲಿ."

ಐದನೇ ದಿನ ಇವರ ಅಂಗೈ ಉರಿಯತೊಡಗಿತು. ಏಳನೇ ದಿನ ಬೆರಳ ಸಂದಿಯಲ್ಲಿ ಸಿಪ್ಪೆ ಎದ್ದಿತು. ಸಾರಿಗೆ ಅದ್ದಿದ ಮುದ್ದೆ ಬಾಯಿಗಿಡುವಾಗ ಖಾರ ನಾಲಿಗೆಗೆ ಮುಂಚೆ ಬೆರಳಿಗೆ ತಿಳಿಯತೊಡಗಿತು. ಹೆಂಡತಿಗೆ ಹೇಳಲಿಲ್ಲ. ಘೋಷಣೆ ಮಾಡಿದವರಿಗೆ ಇರುವ ಕಷ್ಟವೇ ಇದು.

ಒಂಬತ್ತನೇ ದಿನ ಕಾಲೇಜಿನ ಕಚೇರಿಯಲ್ಲಿ ಅನಾಹುತವಾಯಿತು. ಅಲ್ಲಿ ಹಾಜರಿಗೆ ಹೆಬ್ಬೆಟ್ಟಿನ ಯಂತ್ರ ತರಿಸಿದವರು ರೇಣುಕಾಪ್ರಸಾದರೇ. "ಯಂತ್ರ ಒಪ್ಪದ ಬೆರಳಿಗೆ ಹಾಜರಿ ಇಲ್ಲ" ಎಂಬ ಸುತ್ತೋಲೆಗೆ ರುಜು ಹಾಕಿದವರೂ ಅವರೇ. ಆ ಬೆಳಿಗ್ಗೆ ಅವರು ಗತ್ತಿನಿಂದ ಬಂದು ಬೆರಳಿಟ್ಟರು. ಕೆಂಪು! ಬೆರಳಿಗೆ ಉಸಿರು ಊದಿ ಇಟ್ಟರು. ಕೆಂಪು! ಹಿಂದೆ ಹನ್ನೊಂದು ಜನ ಸಾಲು ನಿಂತಿದ್ದರು.

"ಏನಯ್ಯಾ ತಿಮ್ಮರಾಜು, ಮಿಷನ್ ಕೆಟ್ಟಿದೆಯಾ?"

ಜವಾನ ತಿಮ್ಮರಾಜು ತನ್ನ ಬೆರಳಿಟ್ಟು ತೋರಿಸಿದ. ಹಸಿರು. "ಮಿಷನ್ ಚೆನ್ನಾಗೈತೆ ಸಾರ್. ನಿಮ್ಮ ಸರ್ಕ್ಯುಲರ್ರೂ ಅಲ್ಲೇ ಗೋಡೆ ಮೇಲೈತೆ" ಎಂದು ವಿನಯದಿಂದ ನೆನಪಿಸಿದ.

ಸಾಲಿನಲ್ಲಿ ಪ್ರಯೋಗಾಲಯದ ಸಹಾಯಕಿ ನೇತ್ರಾವತಿ ಇದ್ದಳು. ದಿನವಿಡೀ ಗಾಜಿನ ಸೀಸೆ ತೊಳೆಯುವವಳು. ಹೋದ ವರ್ಷ ಇದೇ ಯಂತ್ರ ಅವಳ ಬೆರಳನ್ನು ಒಪ್ಪದಿದ್ದಾಗ ರೇಣುಕಾಪ್ರಸಾದರು ಮೂರು ದಿನ ಗೈರುಹಾಜರಿ ಹಾಕಿಸಿ, "ಬೆರಳು ಸರಿಯಾಗಿ ಇಟ್ಕೋಬೇಕಮ್ಮ, ಜವಾಬ್ದಾರಿ ಬೇಕು" ಎಂದು ಉಪದೇಶ ಮಾಡಿದ್ದರು. ಈಗ ಅವಳು ಮುಂದೆ ಬಂದು ಇವರ ಕೈ ನೋಡಿದಳು. ನಗುತ್ತಾಳೆಂದು ಅವರು ಹಲ್ಲು ಕಚ್ಚಿ ನಿಂತರು. ಅವಳು ನಗಲಿಲ್ಲ.

"ಬಟ್ಟೆ ಪುಡೀಲಿ ಪಾತ್ರೆ ತೊಳೆದ್ರಾ ಸಾರ್? ಹಂಗೆ ಮಾಡಬಾರ್ದು. ಈಗ ಬೆರಳನ್ನ ತಲೆಗೂದಲಿಗೆ ಚೆನ್ನಾಗಿ ಉಜ್ಜಿ, ಆ ಜಿಡ್ಡಲ್ಲಿ ಒತ್ತಿ. ಬರುತ್ತೆ. ನಾವೆಲ್ಲ ಹಂಗೇ ಮಾಡೋದು."

ಒಳ್ಳೆಯ ಉಪಾಯವೇ. ಆದರೆ ರೇಣುಕಾಪ್ರಸಾದರ ತಲೆಯ ಮೇಲೆ ಕೂದಲು ನಿವೃತ್ತಿಯಾಗಿ ಹತ್ತು ವರ್ಷವಾಗಿತ್ತು! ಆದರೂ ಆಸೆಯಿಂದ ಬೋಳುತಲೆಗೇ ಬೆರಳು ಉಜ್ಜಿದರು. ತಲೆ ಮಿನುಗಿತು, ಯಂತ್ರ ಒಪ್ಪಲಿಲ್ಲ. ಹನ್ನೊಂದು ಜನರೂ ಸೂರು ನೋಡುತ್ತಾ ಕೆಮ್ಮಿದರು. ಆ ಮಧ್ಯಾಹ್ನ ಸುತ್ತೋಲೆ ಗೋಡೆಯಿಂದ ಇಳಿಯಿತು. ನೇತ್ರಾವತಿಯ ಮೂರು ದಿನದ ಹಾಜರಿಗೆ ತಿದ್ದುಪಡಿ ಟಿಪ್ಪಣಿ ಬರೆಯುವಾಗ ಪೆನ್ನು ಹಿಡಿದ ಬೆರಳು ಉರಿಯಿತು. ಬೆರಳಿಗಿಂತ ಹೆಚ್ಚು ಇನ್ನೇನೋ ಉರಿಯಿತು.

ಮನೆಗೆ ಬಂದಾಗ ಉಮಾಮಹೇಶ್ವರಿ ಏನನ್ನೂ ಕೇಳದೆ ಕೈ ಹಿಡಿದು ನೋಡಿದರು. ತಮ್ಮ ಮುಲಾಮಿನ ಡಬ್ಬಿ ತೆರೆದು ಇವರ ಬೆರಳುಗಳಿಗೆ ಒಂದೊಂದಾಗಿ ಹಚ್ಚಿದರು.

"ಗ್ಲೌಸ್ ಹಾಕ್ಕೊಳ್ಳಿ ಅಂತ ಡಾಕ್ಟ್ರು ಹೇಳಿದ್ರಲ್ಲ."

"ಉರೀತದೆ ಕಣೇ. ನಿನಗೂ ಹಿಂಗೇ ಉರೀತಿತ್ತಾ?"

"ಮೊದಮೊದಲು ಉರೀತಿತ್ತು."

"ಹೇಳ್ಲೇ ಇಲ್ವಲ್ಲ!"

"ಹೇಳಿದ್ದೆ. ಕೊಬ್ಬರಿ ಎಣ್ಣೆ ಹಚ್ಕೋ ಅಂದು ಪೇಪರ್ ಓದ್ತಿದ್ರಿ."

ಆ ಸಂಜೆ ಒಂದು ಜೊತೆ ರಬ್ಬರ್ ಗ್ಲೌಸ್ ಬಂತು. ಪಾತ್ರೆಗಳು ನೆನೆಯತೊಡಗಿದವು. ಬ್ಲೀಚಿಂಗ್ ಪುಡಿ ಬಚ್ಚಲಿಗೆ ಹಿಂತಿರುಗಿತು.

ಹದಿನಾರನೇ ದಿನ, ನಾಳೆ ಆಷಾಢ ಎನ್ನುವಾಗ, ಚನ್ನಬಸವಯ್ಯನವರು ಗುಬ್ಬಿಯಿಂದ ನಸುಕಿಗೇ ಹೊರಟು ತುಮಕೂರಿಗೆ ಬಂದರು. ತಂಗಿಯ ಮನೆಯಲ್ಲಿ ತಿಂಡಿ ತಿಂದು ಒಟ್ಟಿಗೆ ಕುಣಿಗಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಕಾಫಿ ಕುಡಿದ ಲೋಟ ಹಿಡಿದು ಕೈ ತೊಳೆಯಲು ಒಳಗೆ ಹೋದವರು ಸಿಂಕಿನ ಮುಂದೆ ಗ್ಲೌಸ್ ತೊಟ್ಟು ನಿಂತಿದ್ದ ತಂಗಿಯ ಗಂಡನನ್ನು ಕಂಡು ಬಾಗಿಲಲ್ಲೇ ನಿಂತರು. ರೇಣುಕಾಪ್ರಸಾದರು ಕೈಯಲ್ಲಿದ್ದ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದರು. ಭಾವನಿಗೆ ಮುನಿಸು ಬಂದರೆ? ಹೆಂಡತಿಯ ಮನೆಯವರ ಮುಂದೆ ಮಾನ ಹೋದರೆ ಹೋಗಲಿ, ಸೈಟು ಹೋದರೆ?

"ಇದೇನ್ರೀ, ನೀವು ಪಾತ್ರೆ ತೊಳೀತಿದೀರಿ!"

"ಉಮಾ ಬೆರಳಿಗೋಸ್ಕರ ಭಾವ. ಅವಳು ಸೋಪು ಮುಟ್ಟಬಾರ್ದು ಅಂತ ಡಾಕ್ಟ್ರು..."

ಚನ್ನಬಸವಯ್ಯನವರು ಹೊಸ್ತಿಲು ದಾಟಿ ಬಂದರು. ನಂತರ ತಮ್ಮ ಕೈಯಲ್ಲಿದ್ದ ಕಾಫಿ ಲೋಟವನ್ನೂ ಸಿಂಕಿನೊಳಗೆ ಇಟ್ಟರು. "ಹಂಗಾರೆ ಇದನ್ನೂ ತೊಳ್ದುಬುಡಿ. ಚೆನ್ನಾಗಿ ತೊಳೀತೀರ ಕಣ್ರೀ!"

ಕುಣಿಗಲ್ಲಿನಲ್ಲಿ ಲಕ್ಷ್ಮೀನರಸಿಂಹಯ್ಯನವರ ಅಂಗಡಿ ಕಿಕ್ಕಿರಿದಿತ್ತು. ಆಷಾಢಕ್ಕೆ ಮುಂಚೆ ಮುಗಿಸಬೇಕೆಂದುಕೊಂಡವರು ತಾಲ್ಲೂಕಿನಲ್ಲಿ ಚನ್ನಬಸವಯ್ಯನವರೊಬ್ಬರೇ ಅಲ್ಲ. ಉಮಾಮಹೇಶ್ವರಿ ಯಂತ್ರದ ಮುಂದೆ ಕುಳಿತರು. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಬೆರಳು ಮುಂದೆ ಚಾಚಿ ಮತ್ತೆ ಹಿಂದಕ್ಕೆ ಎಳೆದುಕೊಂಡರು.

"ಒತ್ತು ಕಣೇ" ಎಂದರು ರೇಣುಕಾಪ್ರಸಾದರು. ಹದಿನಾರು ದಿನ ಆ ಬೆರಳನ್ನು ಕಾದಿದ್ದಾರೆ. ಮೂವತ್ತು ವರ್ಷ ಜೊತೆಯಲ್ಲಿದ್ದರೂ ಅದನ್ನು ಸರಿಯಾಗಿ ನೋಡಿದ್ದು ಈ ಹದಿನಾರು ದಿನದಲ್ಲೇ.

ಉಮಾಮಹೇಶ್ವರಿ ಒತ್ತಿದರು.

ಟಿಂಗ್! ಹಸಿರು!

"ಬಂತು!" ಎಂದು ರೇಣುಕಾಪ್ರಸಾದರು ಕೂಗಿದ ರಭಸಕ್ಕೆ ಪಕ್ಕದ ಟೀ ಅಂಗಡಿಯವರೂ ಇಣುಕಿದರು. ಉಮಾಮಹೇಶ್ವರಿ ಮತ್ತೊಮ್ಮೆ ಒತ್ತಿದರು, ಬರೀ ನೋಡುವುದಕ್ಕೆ. ಮತ್ತೆ ಹಸಿರು. ಕಣ್ಣಂಚಿಗೆ ಬಂದದ್ದನ್ನು ಆ ಹೆಬ್ಬೆರಳಿನಿಂದ ಒರೆಸಲು ಹೋಗಿ, ಬೇಡವೆಂದು ಸೆರಗಿನಿಂದ ಒರೆಸಿಕೊಂಡರು.

"ಈಗ ಸಾಕ್ಷಿ ಬನ್ನಿ" ಎಂದರು ಲಕ್ಷ್ಮೀನರಸಿಂಹಯ್ಯನವರು.

ರೇಣುಕಾಪ್ರಸಾದರು ಒತ್ತಿದರು. ಕೆಂಪು. ಎಡಗೈ. ಕೆಂಪು. ಹತ್ತೂ ಬೆರಳು. ಕೆಂಪು!

ಲಕ್ಷ್ಮೀನರಸಿಂಹಯ್ಯನವರು ಕನ್ನಡಕ ಮೇಲೆತ್ತಿದರು. "ಹೋದ ಸಲ ಚೆನ್ನಾಗಿತ್ತಲ್ಲ ಸಾರ್! ಏನು ಕೆಲಸ ಮಾಡ್ತೀರಿ?"

ರೇಣುಕಾಪ್ರಸಾದರು ಬಾಯಿ ತೆರೆಯುವ ಮೊದಲೇ ಉಮಾಮಹೇಶ್ವರಿ ಹೇಳಿದರು: "ಏನೂ ಇಲ್ಲ, ಮನೇಲೇ ಇರ್ತಾರೆ."

ಅಂಗಡಿಯಲ್ಲಿದ್ದ ಹೆಂಗಸರು ನಕ್ಕ ನಗು ದೊಡ್ಡಕೆರೆಯ ಆಚೆ ದಡಕ್ಕೆ ಕೇಳಿಸಿರಬೇಕು. ಪಕ್ಕದ ಟೀ ಅಂಗಡಿಯ ಕಾಳಯ್ಯ ಬಂದು ಸಾಕ್ಷಿ ಹಾಕಿದ. ಮಧ್ಯಾಹ್ನ ಮೂರು ಗಂಟೆಗೆ ನೋಂದಣಿ ಕಚೇರಿಯಲ್ಲಿ ಸೈಟು ಉಮಾಮಹೇಶ್ವರಿಯದಾಯಿತು.

ತುಮಕೂರಿನ ಬಸ್ಸಿನಲ್ಲಿ ಪತ್ರದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಉಮಾಮಹೇಶ್ವರಿ ಕಿಟಕಿಯ ಪಕ್ಕ ಕುಳಿತರು. ರೇಣುಕಾಪ್ರಸಾದರು ಕಾಲು ಚಾಚಿ ಕುಳಿತರು.

"ಅಂತೂ ಮುಗೀತು. ನಾಳೆಯಿಂದ ಎಲ್ಲಾ ಮೊದಲಿನ ಥರಾನೇ."

"ಮುಗೀತಾ? ಖಾತೆ ಆಗ್ಬೇಕಲ್ರೀ. ಅದಕ್ಕೂ ನನ್ನ ಬೆರಳು ಬೇಕಾಗ್ಬೋದು ಅಂದ್ರು ಲಕ್ಷ್ಮೀನರಸಿಂಹಯ್ಯನೋರು."

ರೇಣುಕಾಪ್ರಸಾದರು ಚಾಚಿದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. "ಯಾವತ್ತಂತೆ?"

"ಅದನ್ನ ಹೇಳಕಾಗಲ್ವಂತೆ. ವಾರದಲ್ಲಿ ಕರೀಬೋದು, ವರ್ಷ ಬಿಟ್ಟು ಕರೀಬೋದು. ಯಾವತ್ತು ಕರೆದ್ರೂ ಒತ್ತೋ ಹಾಗೆ ಬೆರಳು ಜೋಪಾನವಾಗಿ ಇಟ್ಕೊಂಡಿರಿ ತಾಯಿ ಅಂದ್ರು."

"ಅವರಾಗೇ ಹೇಳಿದ್ರಾ?"

"ಇಲ್ಲ" ಎಂದರು ಉಮಾಮಹೇಶ್ವರಿ, ಕಿಟಕಿಯ ಆಚೆ ನೋಡುತ್ತಾ. "ಹಂಗೆ ಹೇಳಿ ಅಂತ ನಾನೇ ಕೇಳ್ಕೊಂಡೆ."